ಪಾಠ ಮಗುವಿಗೆ ಮಾತ್ರವೇ?

ಆಟಿಸಂ ಇರುವ ಮಗುವಿಗೆ ‘ಸೋಶಿಯಲ್ ಸ್ಕಿಲ್ಸ್’ ಕಲಿಸುವ ಅನೇಕ ಕಡೆ ಗುರಿಗಳ ಪಟ್ಟಿಯೊಂದು ಇರುತ್ತದೆ. ಹೆಸರು ಕರೆದರೆ ತಿರುಗಿ ನೋಡಬೇಕು, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಬೇಕು, ಕೈ ಆಡಿಸದೆ ಕೂರಬೇಕು, ಮನೆಗೆ ಬಂದವರಿಗೆ ನಮಸ್ಕಾರ ಹೇಳಬೇಕು, ಹೊರಟವರಿಗೆ ಟಾಟಾ ಮಾಡಬೇಕು. ಮಗು ಇವನ್ನೆಲ್ಲ ಕಲಿತರೆ ಸಾಕಪ್ಪಾ ಎಂದು ಹೆತ್ತವರಿಗೆ ಅನ್ನಿಸುವುದು ಸಹಜವೇ. ಆದರೆ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿರುವುದೆಲ್ಲ ಮಗು ಬೇರೆಯವರ ಕಣ್ಣಿಗೆ ಹೇಗೆ ಕಾಣಬೇಕು ಎಂಬ ವಿಚಾರವೇ. ಹೊಟ್ಟೆ ನೋಯುತ್ತಿದೆ ಎಂದು ತಿಳಿಸುವುದು, ಬೇಡ ಎನ್ನುವುದು, ಈ ಸದ್ದು ತಡೆಯಲಾಗುತ್ತಿಲ್ಲ ಎನ್ನುವುದು, ನೀವು ಹೇಳಿದ್ದು ಗೊತ್ತಾಗಲಿಲ್ಲ ಇನ್ನೊಮ್ಮೆ ಹೇಳಿ ಎಂದು ಕೇಳುವುದು, ನಾನೂ ಆಟಕ್ಕೆ ಬರಲಾ ಎನ್ನುವುದು, ಬದುಕಿಗೆ ನಿಜವಾಗಿ ಬೇಕಾದ ಈ ಮಾತುಗಳು ಪಟ್ಟಿಯ ತುದಿಗೆ ಬೀಳುತ್ತವೆ, ಎಷ್ಟೋ ಸಲ ಇರುವುದೇ ಇಲ್ಲ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಪಾಠದಲ್ಲಿ ಅರ್ಧವಾದರೂ ಮಗುವಿನ ಸುತ್ತಲಿನವರಿಗೆ, ಅಂದರೆ ತಂದೆ ತಾಯಿಗೆ, ಟೀಚರುಗಳಿಗೆ, ಸಹಪಾಠಿಗಳಿಗೆ ನಡೆಯಬೇಕು. ಮಕ್ಕಳ ಮೇಲಿನ ಮರುಕದಿಂದ ಹೇಳುತ್ತಿರುವ ಮಾತಲ್ಲ ಇದು. ಈವರೆಗಿನ ಸಂಶೋಧನೆಗಳನ್ನು ಒಟ್ಟಿಗಿಟ್ಟು ಓದಿದರೆ ಅವು ತೋರಿಸುವ ದಾರಿಯೂ ಇದೇ.

ಇದು ಬೆರಳೆಣಿಕೆಯ ಮನೆಗಳ ಸಂಗತಿಯೂ ಅಲ್ಲ. ಭಾರತದ ಐದು ಪ್ರದೇಶಗಳಲ್ಲಿ ಸುಮಾರು 4,000 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದಾದರೂ ತೊಂದರೆ ಇರುವವರು ಎರಡರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಶೇ 9.2 ಮತ್ತು ಆರರಿಂದ ಒಂಬತ್ತು ವರ್ಷದವರಲ್ಲಿ ಶೇ 13.6ರಷ್ಟಿದ್ದಾರೆ ಎಂದು ಅದು ಅಂದಾಜಿಸಿತು. ಕಿವಿ ಕೇಳದಿರುವುದು, ಅಪಸ್ಮಾರ, ಮಾತಿನ ತೊಂದರೆ, ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ದೊಡ್ಡ ಮಕ್ಕಳಲ್ಲಿ ಎಡಿಎಚ್‌ಡಿ ಮತ್ತು ಕಲಿಕಾ ನ್ಯೂನತೆ ಎಲ್ಲವೂ ಈ ಲೆಕ್ಕದಲ್ಲಿ ಸೇರಿವೆ. ಅಂದರೆ ಸಾಧಾರಣ ಗಾತ್ರದ ಯಾವುದೇ ತರಗತಿಯಲ್ಲಿ ಹೇಳುವುದಕ್ಕೋ ಕೇಳಿಸಿಕೊಳ್ಳುವುದಕ್ಕೋ ಬೇರೆ ದಾರಿ ಬೇಕಾದ ಎರಡು ಮೂರು ಮಕ್ಕಳಾದರೂ ಇರುತ್ತಾರೆ, ಅವರಿಗೆ ಹೆಸರಿಟ್ಟ ಸರ್ಟಿಫಿಕೇಟ್ ಇರಲಿ ಬಿಡಲಿ.

ಆಟಿಸಂ ಇರುವವರಿಗೆ ಎದುರಿನವರ ಮನಸ್ಸು ತಿಳಿಯುವುದಿಲ್ಲ, ಕೊರತೆ ಅವರೊಳಗಿದೆ ಎಂಬ ನಂಬಿಕೆ ಬಹುಕಾಲದಿಂದ ಬೇರೂರಿದೆ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಇತ್ತೀಚಿನವರೆಗೂ ಹೆಚ್ಚಿನ ಸಂಶೋಧಕರು ನೋಡಿದ್ದು ಒಂದೇ ಕಡೆಯನ್ನು, ಮಗುವಿನ ಕಡೆಯನ್ನು. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವವರು, ಇದಕ್ಕೆ ಸರಳವಾದ ತಕರಾರು ಎತ್ತಿದರು. ಇಬ್ಬರ ನಡುವೆ ಮಾತು ಮುರಿದುಬಿದ್ದಾಗ ತಪ್ಪು ಒಬ್ಬರದೇ ಎಂದು ಹೇಗೆ ಹೇಳುತ್ತೀರಿ? ಆಟಿಸಂ ಇರುವವರಿಗೆ ನಿಮ್ಮ ಮನಸ್ಸು ಓದುವುದು ಕಷ್ಟವಾದರೆ, ಅವರ ಮನಸ್ಸು ಓದುವುದು ನಿಮಗೂ ಅಷ್ಟೇ ಕಷ್ಟವಾಗಿದೆಯಲ್ಲ? ಕೇಳಿದರೆ ವಾದಕ್ಕೆ ವಾದ ಎನ್ನಿಸಬಹುದು. ಆದರೆ ಇದನ್ನು ಪರೀಕ್ಷೆಗೂ ಒಡ್ಡಿದ್ದಾರೆ. ಎಡಿನ್‌ಬರೊದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ 72 ಮಂದಿಯನ್ನು ಎಂಟೆಂಟು ಜನರ ಸಾಲುಗಳಾಗಿ ಮಾಡಿ, ಮೊದಲನೆಯವರಿಗೆ ಒಂದು ಕಥೆ ಹೇಳಿ, ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲು ಹೇಳಿದರು. ಎಲ್ಲರಿಗೂ ಆಟಿಸಂ ಇದ್ದ ಸಾಲಿನಲ್ಲಿ ಕಥೆ ಉಳಿದದ್ದು ಯಾರಿಗೂ ಆಟಿಸಂ ಇಲ್ಲದ ಸಾಲಿನಲ್ಲಿ ಉಳಿದಷ್ಟೇ. ಕಥೆ ಬೇಗ ಸವೆದದ್ದು ಇಬ್ಬಗೆಯವರೂ ಬೆರೆತಿದ್ದ ಸಾಲುಗಳಲ್ಲಿ. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ಅದೇ ಪ್ರಯೋಗವನ್ನು 311 ಮಂದಿಯೊಡನೆ ಮತ್ತೆ ನಡೆಸಿ 2025ರಲ್ಲಿ ಪ್ರಕಟಿಸಿದಾಗ ಬೆರೆತ ಸಾಲುಗಳು ಹಿಂದೆ ಬಿದ್ದದ್ದು ಕಾಣಲಿಲ್ಲ, ಮೂರೂ ಬಗೆಯ ಸಾಲುಗಳು ಹೆಚ್ಚುಕಡಿಮೆ ಸಮವಾಗಿದ್ದವು. ಹಾಗಾದರೆ ಮಿಲ್ಟನ್ ಹೇಳಿದ್ದು ಬಿದ್ದುಹೋಯಿತೇ? ಬೆರೆತಾಗ ಮಾತು ಹಾಳಾಗಿಯೇ ತೀರುತ್ತದೆ ಎಂದು ಇನ್ನು ಯಾರೂ ಅಷ್ಟು ಖಚಿತವಾಗಿ ಹೇಳಲಾರರು, ಅದನ್ನು ಒಪ್ಪಬೇಕು. ಆದರೆ ಎರಡೂ ಪ್ರಯೋಗಗಳು ಸಾರಿದ ಒಂದು ಸಂಗತಿ ಗಟ್ಟಿಯಾಗಿ ನಿಂತಿದೆ. ಹೇಳಬೇಕಾದದ್ದನ್ನು ಇನ್ನೊಬ್ಬರಿಗೆ ತಲುಪಿಸುವುದರಲ್ಲಿ ಆಟಿಸಂ ಇರುವ ಈ ವಯಸ್ಕರು ಯಾರಿಗೂ ಕಡಿಮೆಯಿಲ್ಲ.

ಹಾಗಿದ್ದೂ ಅವರಿಗೆ ಗೆಳೆಯರು ಯಾಕೆ ಸಿಗುವುದಿಲ್ಲ, ಕೆಲಸ ಯಾಕೆ ಸಿಗುವುದಿಲ್ಲ? ನೋವ ಸ್ಯಾಸನ್ ಮತ್ತಿತರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಸುಳಿವಿದೆ. ಆಟಿಸಂ ಇರುವವರು ಮತ್ತು ಇಲ್ಲದವರು ಮಾತನಾಡುತ್ತಿರುವ ಕೆಲವೇ ಸೆಕೆಂಡುಗಳ ತುಣುಕುಗಳನ್ನು ಜನರಿಗೆ ತೋರಿಸಿ, ಇವರ ಪಕ್ಕ ಕೂರಲು, ಇವರೊಡನೆ ಮಾತಿಗಿಳಿಯಲು ನಿಮಗೆ ಮನಸ್ಸಿದೆಯೇ ಎಂದು ಕೇಳಲಾಯಿತು. ವಿಡಿಯೊ ನೋಡಿದವರು, ದನಿ ಕೇಳಿದವರು ಆಟಿಸಂ ಇರುವವರಿಂದ ದೂರ ಸರಿದರು. ಅದೇ ಮಾತುಗಳನ್ನು ಬರೆದು ಕೊಟ್ಟಾಗ ಈ ಭೇದವೇ ಮಾಯವಾಯಿತು. ಆಡಿದ ಮಾತಿನಲ್ಲಿ ಏನೂ ಊನವಿರಲಿಲ್ಲ. ಕತ್ತು ವಾಲಿದ್ದು, ದನಿಯ ಏರಿಳಿತ ಬೇರೆಯಾಗಿದ್ದದ್ದು, ಕೈ ಆಡಿದ್ದು ಅಷ್ಟೇ ನೋಡುವವರಿಗೆ ಸಾಕಾಯಿತು. ಇದಕ್ಕೆ ನಾವು ಕಂಡುಕೊಂಡಿರುವ ಮದ್ದು, ಮಗುವಿನ ಕತ್ತು, ದನಿ, ಕೈ ಮೂರನ್ನೂ ತಿದ್ದುವುದು. ಅವಸರದಲ್ಲಿ ತೀರ್ಪು ಕೊಟ್ಟವರ ಗೋಜಿಗೆ ಯಾರೂ ಹೋಗಲಿಲ್ಲ.

ಕಣ್ಣಿನ ವಿಚಾರವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಥೆರಪಿಯ ಎಷ್ಟೋ ಗಂಟೆಗಳು ಅದಕ್ಕೇ ಸವೆಯುತ್ತವೆ. ಕಷ್ಟದ ಪ್ರಶ್ನೆ ಕೇಳಿದಾಗ ಯಾವ ಮಗುವಾದರೂ ಸೂರನ್ನೋ ಕಿಟಕಿಯನ್ನೋ ನೋಡುತ್ತದೆ. ಸ್ಕಾಟ್ಲೆಂಡಿನ ಗ್ವಿನೆತ್ ಡೋಹರ್ಟಿ-ಸ್ನೆಡನ್ ಮತ್ತು ಸಂಗಡಿಗರು ಶಾಲಾ ಮಕ್ಕಳಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ. ಪ್ರಶ್ನೆ ಕಠಿಣವಾದಷ್ಟೂ ನೋಟ ಪಕ್ಕಕ್ಕೆ ಸರಿಯುತ್ತದೆ, ಯೋಚನೆಗೆ ಜಾಗ ಸಿಗುವುದೇ ಹಾಗೆ. ಇನ್ನು ಆಟಿಸಂ ಇರುವವರನ್ನು ಒತ್ತಾಯದಿಂದ ಕಣ್ಣುಗಳನ್ನೇ ದಿಟ್ಟಿಸುವಂತೆ ಮಾಡಿ ಮಿದುಳಿನ ಸ್ಕ್ಯಾನ್ ತೆಗೆದ 2017ರ ಅಧ್ಯಯನದಲ್ಲಿ, ಬೆದರಿಕೆಯನ್ನು ಗುರುತಿಸುವ ಮಿದುಳಿನ ಆಳದ ಭಾಗಗಳು ಅತಿಯಾಗಿ ಕೆರಳಿದ್ದು ಕಂಡಿತು. ಅಂಥ ಮಗುವಿಗೆ ಕಣ್ಣು ನೋಡಿ ಮಾತಾಡು ಎನ್ನುವುದೆಂದರೆ ಎರಡು ಕೆಲಸದಲ್ಲಿ ಒಂದನ್ನು ಆರಿಸಿಕೋ ಎಂದ ಹಾಗೆ, ನೋಡುತ್ತದೆ ಇಲ್ಲವೇ ಕೇಳಿಸಿಕೊಳ್ಳುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ವಿಚಿತ್ರವೂ ಸೇರಿಕೊಂಡಿದೆ. ಬೈಯುವ ಹಿರಿಯರ ಎದುರು ಕಣ್ಣು ತಗ್ಗಿಸಿ ನಿಲ್ಲುವುದೇ ಮರ್ಯಾದೆ ಎಂದು ಬೆಳೆಸಿದ ಮನೆಗಳು ಕರ್ನಾಟಕದಲ್ಲಿ ಇಂದಿಗೂ ಎಷ್ಟೋ ಇವೆ. ಮಗುವಿಗೆ ಥೆರಪಿ ಕೋಣೆಯಲ್ಲಿ ಒಂದು ನಿಯಮ, ಅಜ್ಜನ ಮುಂದೆ ಇನ್ನೊಂದು. ಪರದೇಶದ ಪುಸ್ತಕದಿಂದ ಗುರಿಯನ್ನು ಇಳಿಸಿಕೊಳ್ಳುವಾಗ ನಮ್ಮ ಮನೆಗಳಲ್ಲಿ ಅದು ನಡೆಯುತ್ತದೆಯೇ ಎಂದು ಕೇಳಿಕೊಳ್ಳಬೇಕಿತ್ತು.

ಸಾಮಾಜಿಕ ನಡವಳಿಕೆ ಅನ್ನುವುದು ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಊಟ ಆಯ್ತಾ ಎಂದು ದಾರಿಯಲ್ಲಿ ಸಿಕ್ಕವರು ಕೇಳಿದರೆ ಅವರಿಗೆ ನಮ್ಮ ಊಟದ ವರದಿ ಬೇಕಿಲ್ಲ ಎಂದು ನಾವು ಬಲ್ಲೆವು. ಮಾತನ್ನು ಮಾತಿನಂತೆಯೇ ತೆಗೆದುಕೊಳ್ಳುವ ಮಗು ಇಲ್ಲ ಎಂದು ಹೇಳಿ, ಅವರೇನು ಊಟ ಕೊಡುತ್ತಾರೋ ಎಂದು ಕಾಯಬಹುದು. ಹೋಗಿ ಬರ್ತೀನಿ ಎಂದ ಮಾವ ಮತ್ತೆ ಬರಲಿಲ್ಲವೆಂದು ಸಂಜೆಯವರೆಗೆ ಬಾಗಿಲಲ್ಲೇ ನಿಲ್ಲಬಹುದು. ಯಾರನ್ನು ನೀನು ಎನ್ನಬೇಕು, ಯಾರನ್ನು ನೀವು ಎನ್ನಬೇಕು, ಅಪ್ಪನನ್ನು ಏಕವಚನದಲ್ಲಿ ಕರೆಯುವ ಮನೆಯ ಮಗು ಪಕ್ಕದ ಮನೆಯ ಅಂಕಲ್‌ರನ್ನು ಯಾಕೆ ಹಾಗೆ ಕರೆಯಬಾರದು, ಇವುಗಳಿಗೆ ಎಲ್ಲಿಯೂ ಬರೆದಿಟ್ಟ ನಿಯಮವಿಲ್ಲ. ಬಹಳಷ್ಟು ಮಕ್ಕಳು ಇದನ್ನೆಲ್ಲ ಗಾಳಿಯಿಂದಲೇ ಹೀರಿಕೊಳ್ಳುತ್ತಾರೆ. ಹಾಗೆ ಹೀರಿಕೊಳ್ಳದ ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು, ಕಾರಣಸಮೇತ ಹೇಳಬೇಕು. ಇದನ್ನೇ ನಾನು ನಿಜವಾದ ಪಾಠ ಎನ್ನುವುದು. ‘ಇದು ವಿಚಾರಿಸಿಕೊಳ್ಳುವ ಬಗೆ ಪುಟ್ಟಾ, ಆಯ್ತು ನಿಮ್ಮದು ಆಯ್ತಾ ಅಂದರೆ ಸಾಕು, ಅವರಿಗೆ ಖುಷಿಯಾಗುತ್ತದೆ’ ಎಂದರೆ ಮಗುವಿಗೆ ತಿಳಿವಳಿಕೆ ಸಿಕ್ಕಿತು. ‘ಅಂಕಲ್‌ಗೆ ಹೇಳು, ಹೇಳು, ಹೇಳ್ತೀಯೋ ಇಲ್ವೋ’ ಎಂದು ಎಲ್ಲರೆದುರು ಭುಜ ಅಲುಗಿಸಿದರೆ ಮಗು ಕಲಿಯುವುದು ಅಂಕಲ್ ಬಂದಾಗ ಕೋಣೆ ಸೇರಿಕೊಳ್ಳುವುದನ್ನು.

ಸುತ್ತಲಿನವರು ಏನು ಕಲಿಯಬೇಕು ಎಂಬುದಕ್ಕೆ ಮಾತಿನ ಮರುನುಡಿಯಷ್ಟು ಒಳ್ಳೆಯ ಉದಾಹರಣೆ ಇಲ್ಲ. ನಿಂಗೆ ನೀರು ಬೇಕಾ ಎಂದು ಅಮ್ಮ ಕೇಳುತ್ತಾಳೆ. ನಿಂಗೆ ನೀರು ಬೇಕಾ ಎಂದು ಮಗುವೂ ಹೇಳುತ್ತದೆ. ಗಿಳಿಪಾಠ ಎಂದು ಇದನ್ನು ತಳ್ಳಿಹಾಕುವುದು, ಸುಮ್ಮನಿರು ಎಂದು ಗದರುವುದು ಹಿಂದಿನ ಪದ್ಧತಿ. ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡ್ಯೂಕನ್ 1981ರಲ್ಲೇ ಇಂಥ ಮರುನುಡಿಗಳನ್ನು ವಿಡಿಯೊದಲ್ಲಿ ಒಂದೊಂದಾಗಿ ಪರಿಶೀಲಿಸಿ, ಅವುಗಳಿಂದ ಮಕ್ಕಳು ಹಲವು ಕೆಲಸ ಮಾಡಿಕೊಳ್ಳುತ್ತಾರೆ ಎಂದು ತೋರಿಸಿದರು. ಹೌದು ಎನ್ನುವುದಕ್ಕೆ, ಕೇಳುವುದಕ್ಕೆ, ತನ್ನ ಸರದಿ ಉಳಿಸಿಕೊಳ್ಳುವುದಕ್ಕೆ, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದಕ್ಕೆ ಅದೇ ಮಾತು ಬಳಕೆಯಾಗುತ್ತದೆ. ನಿಂಗೆ ನೀರು ಬೇಕಾ ಎಂದ ಮಗು ಲೋಟದ ಕಡೆ ನೋಡುತ್ತಿದ್ದರೆ ಅದು ನನಗೆ ನೀರು ಬೇಕು ಎಂದೇ ಹೇಳುತ್ತಿದೆ. ಆಗ ದೊಡ್ಡವರು ಮಾಡಬೇಕಾದದ್ದು ನೀರು ಕೊಡುವುದು, ಕೊಡುತ್ತಾ ಮಗುವಿನ ಬಾಯಿಗೆ ಹೊಂದುವಂತೆ ‘ನಂಗೆ ನೀರು ಬೇಕು’ ಎಂದು ಒಮ್ಮೆ ಹೇಳುವುದು. ಸರಿಯಾಗಿ ಹೇಳುವವರೆಗೂ ಲೋಟವನ್ನು ಎತ್ತಿ ಹಿಡಿಯುವುದಲ್ಲ. ಬಾಯಾರಿದ ಮಗುವಿನಿಂದ ವ್ಯಾಕರಣ ಹೊರಡಿಸುವುದನ್ನು ಯಾವ ಹೆಸರಿನಿಂದ ಕರೆದರೂ ನನಗೆ ಒಪ್ಪಿಗೆಯಿಲ್ಲ.

ಇಲ್ಲೇ ಮನೆಮಾತಿನ ವಿಚಾರವೂ ಬರುತ್ತದೆ. ಮಗುವಿಗೆ ಮಾತು ತಡವಾಗಿದೆ, ಆದ್ದರಿಂದ ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂಬ ಸಲಹೆ ನಗರಗಳಲ್ಲಿ ಇನ್ನೂ ಕೇಳಿಬರುತ್ತದೆ. ಮನೆಯಲ್ಲಿ ತುಳು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗುವಿಗೆ ಭಾಷೆಗಳು ಕಲಸಿಹೋಗುತ್ತವೆ ಎಂಬ ಭಯ ಇದರ ಹಿಂದಿದೆ. ಕೆನಡಾದಲ್ಲಿ ಆಟಿಸಂ ಇರುವ 75 ಮಕ್ಕಳನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಭಾಷೆಗಳ ನಡುವೆ ಬೆಳೆದವರು ಒಂದೇ ಭಾಷೆಯವರಿಗಿಂತ ಹಿಂದುಳಿದದ್ದು ಕಾಣಲಿಲ್ಲ. ಬೇರೆ ಅಧ್ಯಯನಗಳೂ ಇದನ್ನೇ ಹೇಳುತ್ತಾ ಬಂದಿವೆ. ಭಾಷೆ ಬಿಟ್ಟರೆ ಮಗು ಕಳೆದುಕೊಳ್ಳುವುದು ಏನೇನೆಂದು ಯೋಚಿಸಿ. ಅಜ್ಜಿಯ ಜೊತೆ ಮಾತಿಲ್ಲ, ದೊಡ್ಡಮ್ಮನ ಮಕ್ಕಳ ಆಟ ಅರ್ಥವಾಗುವುದಿಲ್ಲ, ಮದುವೆ ಮನೆಯ ಗದ್ದಲದಲ್ಲಿ ಯಾರೇನು ಹೇಳುತ್ತಿದ್ದಾರೆ ಗೊತ್ತಾಗುವುದಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ ಆಡುವ ಅಮ್ಮ ತನ್ನ ಮಗುವಿನೊಡನೆಯೇ ತಡವರಿಸುತ್ತಾ ನಾಲ್ಕು ಶಬ್ದಗಳಿಗೆ ಇಳಿಯುತ್ತಾಳೆ. ಸಂವಹನ ಬೆಳೆಯಲಿ ಎಂದು ಹೊರಟು ಸಂವಹನಕ್ಕೆ ಸಿಗುವ ಜನರನ್ನೇ ಕಡಿಮೆ ಮಾಡಿದಂತಾಯಿತು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮಗುವಿಗೆ ಕಲಿಸುವ ತರಗತಿಗಳಿಂದ ಪ್ರಯೋಜನವಾಗುತ್ತದೆಯೇ? ಗುಂಪಿನಲ್ಲಿ ನಡೆಸುವ ಸೋಶಿಯಲ್ ಸ್ಕಿಲ್ಸ್ ತರಗತಿಗಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಅಮೆರಿಕದಲ್ಲಿ ಒಂದು ವಿಶ್ಲೇಷಣೆ ನಡೆಯಿತು. ಕಲಿತ ಮಕ್ಕಳನ್ನೇ ಕೇಳಿದಾಗ ಅವರು ಹೇಳಿದ್ದು, ಹೇಗೆ ನಡೆದುಕೊಳ್ಳಬೇಕು ಎಂಬುದು ಈಗ ಗೊತ್ತಾಗಿದೆ ಎಂದು. ಹಾಗೆ ನಡೆದುಕೊಳ್ಳುತ್ತಿದ್ದೇವೆ ಎಂದು ಅವರು ಹೇಳಲಿಲ್ಲ. ದಿನವಿಡೀ ಜೊತೆಗಿರುವ ಟೀಚರುಗಳಿಗೆ ಗಮನಿಸುವಂಥ ಬದಲಾವಣೆ ಕಾಣಲಿಲ್ಲ. ಪಾಠ ತಲೆಯಲ್ಲಿದೆ, ಆಟದ ಬಯಲಿನಲ್ಲಿಲ್ಲ. ಇದರ ಪಕ್ಕದಲ್ಲಿ ಕಾನೀ ಕಸಾರಿ ಮತ್ತು ಸಂಗಡಿಗರ 2012ರ ಪ್ರಯೋಗವನ್ನು ಇಟ್ಟು ನೋಡಬೇಕು. ಅಮೆರಿಕದ 30 ಶಾಲೆಗಳ ಸಾಮಾನ್ಯ ತರಗತಿಗಳಲ್ಲಿ ಓದುತ್ತಿದ್ದ, ಆಟಿಸಂ ಇರುವ 60 ಮಕ್ಕಳು ಅದರಲ್ಲಿದ್ದರು. ಒಂದು ಗುಂಪಿನಲ್ಲಿ ಆ ಮಗುವಿಗೇ ಹೇಳಿಕೊಟ್ಟರು. ಇನ್ನೊಂದರಲ್ಲಿ ಮಗುವನ್ನು ಬಿಟ್ಟು ಅದರ ತರಗತಿಯ ಮೂವರು ಸಹಪಾಠಿಗಳಿಗೆ, ಒಂಟಿಯಾಗಿರುವವರನ್ನು ಆಟಕ್ಕೆ ಹೇಗೆ ಕರೆಯಬೇಕು, ಹೇಗೆ ಜೊತೆಗೂಡಬೇಕು ಎಂದು ಹೇಳಿಕೊಟ್ಟರು. ಆರು ವಾರಗಳಲ್ಲಿ 12 ತರಗತಿ, ಅಷ್ಟೇ. ಹೆಚ್ಚು ಫಲ ಸಿಕ್ಕಿದ್ದು ಸಹಪಾಠಿಗಳಿಗೆ ಕಲಿಸಿದ ಕಡೆ. ನನ್ನ ಗೆಳೆಯ ಇವನು ಎಂದು ಹೆಸರು ಹೇಳುವವರು ಹೆಚ್ಚಾದರು, ಮಗು ಬಯಲಿನಲ್ಲಿ ಒಂಟಿಯಾಗಿ ನಿಲ್ಲುವುದು ಕಡಿಮೆಯಾಯಿತು. ಎಲ್ಲ ಮಕ್ಕಳಿಗೂ ಹಾಗಾಗಲಿಲ್ಲ, ಕೆಲವರು ಕೊನೆಗೂ ಆಟದ ಹೊರಗೇ ಉಳಿದರು, ಅದೂ ನಿಜ. ಆದರೂ ತೊಂದರೆ ಇದೆ ಎಂದು ಗುರುತಿಸಿದ ಮಗುವನ್ನು ಮುಟ್ಟದೆ, ಸುತ್ತಲಿನವರನ್ನು ಬದಲಿಸಿದರೇ ಮಗುವಿನ ಶಾಲಾದಿನ ಬದಲಾಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಹೆತ್ತವರ ವಿಚಾರದಲ್ಲಿಯೂ ಹೀಗೇ. ತಂದೆ ತಾಯಿ ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಅದನ್ನೇ ಅವರಿಗೆ ತೋರಿಸಿ, ‘ನೋಡಿ ಇಲ್ಲಿ ಮಗು ಚಕ್ರವನ್ನು ನಿಮ್ಮ ಕಡೆ ತಳ್ಳಿತು, ನೀವು ಆಗ ಬಣ್ಣದ ಹೆಸರು ಕೇಳಿದಿರಿ’ ಎಂದು ಮೆಲ್ಲಗೆ ತಿಳಿಸುವ ಪದ್ಧತಿಯೊಂದು ಬ್ರಿಟನ್ನಿನಲ್ಲಿ ರೂಪುಗೊಂಡಿತು. ಅದಕ್ಕೆ ಪ್ಯಾಕ್ಟ್ ಎಂದು ಹೆಸರು. 152 ಮಕ್ಕಳೊಡನೆ ನಡೆದ ಪ್ರಯೋಗದ ಮೊದಲ ಫಲಿತಾಂಶ 2010ರಲ್ಲಿ ಬಂದಾಗ ಲಾಭ ಅಷ್ಟೇನೂ ದೊಡ್ಡದಾಗಿ ಕಂಡಿರಲಿಲ್ಲ. ಅದೇ ಮಕ್ಕಳನ್ನು ವರ್ಷಗಳ ನಂತರ ಮತ್ತೆ ನೋಡಿ 2016ರಲ್ಲಿ ಪ್ರಕಟಿಸಿದಾಗ ಆ ಲಾಭ ಉಳಿದುಕೊಂಡಿತ್ತು. ನಮಗೆ ಹತ್ತಿರದ ಸುದ್ದಿಯೆಂದರೆ, ಇದನ್ನೇ ದಕ್ಷಿಣ ಏಷ್ಯಾದ ಮನೆಗಳಿಗೆ ಹೊಂದಿಸಿ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಡನೆ ನಡೆಸಿದ್ದು. ಗೋವಾದ ಸಂಗಾತ್ ಸಂಸ್ಥೆ ಅದರಲ್ಲಿತ್ತು. ಕಲಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೆತ್ತವರು ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೆ ಹೋಗುವುದನ್ನು ಕಲಿತರು, ಮಕ್ಕಳು ತಾವಾಗಿ ಸಂವಹನ ಶುರುಮಾಡುವುದು ಹೆಚ್ಚಾಯಿತು. ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಹೊತ್ತು ಮಾತ್ರ ಹೆಚ್ಚಾಗಲಿಲ್ಲ, ಬದಲಿಗೆ ಇಳಿಯಿತು. ಸಣ್ಣ ಪ್ರಯೋಗ, ಫಲ ಮಿಶ್ರ. ಆದರೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೋ ದಿನಗಟ್ಟಲೆ ಪ್ರಯಾಣ ಮಾಡಲಾರದ ಬೀದರ್, ಯಾದಗಿರಿಯ ಹಳ್ಳಿಗಳ ಕುಟುಂಬಗಳಿಗೆ ಇಂಥ ದಾರಿಯೊಂದೇ ನಿಜವಾಗಿ ತಲುಪಬಲ್ಲದ್ದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ತಂದೆ ತಾಯಿಯರದು. ಜಗತ್ತು ನಮ್ಮ ಮಗುವಿಗಾಗಿ ಬದಲಾಗುವುದಿಲ್ಲ, ನಾವು ಹೋದಮೇಲೆ ಅವನು ಇದೇ ಜನರ ನಡುವೆ ಬಾಳಬೇಕು, ನಾಲ್ಕು ಜನರಂತೆ ಇರುವುದನ್ನು ಕಲಿಸದೆ ಹೇಗೆ ಬಿಡಲಿ? ಈ ಅಳಲನ್ನು ಹಗುರವಾಗಿ ತೆಗೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ನಾಲ್ಕು ಜನರಂತೆ ಕಾಣುವುದಕ್ಕೆ ತೆರಬೇಕಾದ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಮ್ಮ ಸಹಜ ರೀತಿಯನ್ನು ಬಚ್ಚಿಟ್ಟು, ನಗುವನ್ನು ಅಭ್ಯಾಸ ಮಾಡಿ, ಮಾತುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ದಿನ ಕಳೆಯುವುದು ಹೇಗಿರುತ್ತದೆ ಎಂದು ಆಟಿಸಂ ಇರುವ ವಯಸ್ಕರು ಸಂಶೋಧಕರ ಮುಂದೆ ಹೇಳಿಕೊಂಡಿದ್ದಾರೆ. ಅವರು ಬಳಸುವ ಮಾತು, ಸುಸ್ತು. ಬ್ರಿಟನ್ನಿನಲ್ಲಿ ಸಾರಾ ಕ್ಯಾಸಿಡಿ ಮತ್ತಿತರರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಬಚ್ಚಿಡುವುದು ಹೆಚ್ಚಿದ್ದವರಲ್ಲಿ ಆತ್ಮಹತ್ಯೆಯ ಯೋಚನೆಗಳೂ ಹೆಚ್ಚಿದ್ದವು. ಒಂದರಿಂದಲೇ ಇನ್ನೊಂದಾಯಿತು ಎಂದು ಆ ಅಧ್ಯಯನದಿಂದ ಸಿದ್ಧವಾಗುವುದಿಲ್ಲ, ಆದರೆ ಕಣ್ಮುಚ್ಚಿ ಮುಂದೆ ಹೋಗುವಂತೆಯೂ ಇಲ್ಲ. ನಾನು ಹೇಳುವುದು ಜಗತ್ತಿನ ನಿಯಮಗಳನ್ನು ಮಗುವಿನಿಂದ ಮುಚ್ಚಿಡಿ ಎಂದಲ್ಲ. ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಲ್ಲಬೇಕು, ಬಸ್ಸಿನಲ್ಲಿ ಅಪರಿಚಿತರನ್ನು ಮುಟ್ಟಬಾರದು, ಫೋನಿನಲ್ಲಿ ಮೊದಲು ಹೆಸರು ಹೇಳಬೇಕು, ಇವೆಲ್ಲ ಬೇಕು. ಬೇರೆಯವರಿಗೆ ತೊಂದರೆ ತಪ್ಪಿಸುವ ನಿಯಮ ಯಾವುದು, ಬೇರೆಯವರ ಕಣ್ಣಿಗೆ ಚೆನ್ನಾಗಿ ಕಾಣುವುದಕ್ಕಷ್ಟೇ ಇರುವ ನಿಯಮ ಯಾವುದು ಎಂದು ಬೇರ್ಪಡಿಸಿ, ಎರಡನೆಯದನ್ನು ಮಗುವಿನ ಆಯ್ಕೆಗೆ ಬಿಡಿ. ಸಂತೋಷವಾದಾಗ ಕೈ ಬಡಿಯುವ ಹುಡುಗನಿಂದ ಯಾರಿಗೂ ಏನೂ ಆಗುವುದಿಲ್ಲ.

ಇದೆಲ್ಲ ಮಾತು ಬರುವ ಮಕ್ಕಳಿಗೆ ಸರಿ, ಮಾತೇ ಬಾರದವರ ಗತಿ ಏನು ಎಂಬುದು ಇನ್ನೊಂದು ಆಕ್ಷೇಪ. ಅಂಥವರಿಗೇ ಇದು ಹೆಚ್ಚು ಅನ್ವಯಿಸುತ್ತದೆ ಎಂದು ನಾನು ತಿಳಿದಿದ್ದೇನೆ. ಚಿತ್ರದ ಕಾರ್ಡು, ಸನ್ನೆ, ಚೆನ್ನೈನಲ್ಲಿ ರೂಪುಗೊಂಡ ಆವಾಜ್‌ನಂಥ ಟ್ಯಾಬ್ ಆ್ಯಪ್‌ಗಳು, ದಾರಿಗಳು ಬೇಕಾದಷ್ಟಿವೆ. ಅಡ್ಡ ಬರುವುದು ಕಾರ್ಡು ಕೊಟ್ಟರೆ ಮಗು ಬಾಯಿ ಬಿಡುವುದೇ ಇಲ್ಲ ಎಂಬ ಹೆದರಿಕೆ. 2006ರ ಪರಾಮರ್ಶೆಯೊಂದು ಗಟ್ಟಿ ವಿಧಾನದ ಅಧ್ಯಯನಗಳಿಂದ, ಇಂಥ ದಾರಿಗಳನ್ನು ಬಳಸಿದ 27 ಮಂದಿಯ ವಿವರಗಳನ್ನು ನೋಡಿತು. ಇದ್ದ ಮಾತು ಕಡಿಮೆಯಾದವರು ಒಬ್ಬರೂ ಇರಲಿಲ್ಲ, ಶೇ 89ರಷ್ಟು ಮಂದಿಯಲ್ಲಿ ಅಷ್ಟೋ ಇಷ್ಟೋ ಹೆಚ್ಚಾಗಿತ್ತು. ಮಾತು ಬರಲಿ ಎಂದು ವರ್ಷಗಟ್ಟಲೆ ಕಾದು, ಅಷ್ಟರವರೆಗೆ ಮಗುವಿಗೆ ಬೇಕು ಬೇಡ ಹೇಳಲು ಏನನ್ನೂ ಕೊಡದಿದ್ದರೆ ಅದು ಕಚ್ಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ಆಮೇಲೆ ಅದಕ್ಕೆ ‘ಬಿಹೇವಿಯರ್ ಪ್ರಾಬ್ಲಂ’ ಎಂದು ಹೆಸರಿಡುತ್ತೇವೆ.

ಶಿಕ್ಷಕರ ಆಕ್ಷೇಪವೂ ನ್ಯಾಯವಾದದ್ದೇ. ನಲವತ್ತು ಐವತ್ತು ಮಕ್ಕಳ ತರಗತಿ, ಮುಗಿಸಬೇಕಾದ ಪಾಠಗಳು, ಬಿಸಿಯೂಟದ ಲೆಕ್ಕ, ಚುನಾವಣೆ ಗಣತಿಗಳ ಕೆಲಸ. ಇದರ ಮೇಲೆ ಇನ್ನೊಂದು ಹೊರೆಯೇ? ಇದಕ್ಕೆ ಸಹಾಯಕ ಶಿಕ್ಷಕರನ್ನು ಕೊಡದೆ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಆದರೆ ಖರ್ಚಿಲ್ಲದ ಕೆಲವು ಬದಲಾವಣೆಗಳೂ ಇವೆ. ಪ್ರಶ್ನೆ ಕೇಳಿ ಉತ್ತರಕ್ಕೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆಯುತ್ತಾರೆ. ಇದರಿಂದ ಆಟಿಸಂ ಇರುವ ಮಗುವಿಗೆ ಎಷ್ಟು ಅನುಕೂಲವೋ ಹಳ್ಳಿಯಿಂದ ಬಂದ ನಾಚಿಕೆಯ ಹುಡುಗಿಗೂ ಮನೆಯಲ್ಲಿ ಲಂಬಾಣಿ ಆಡುವ ಹುಡುಗನಿಗೂ ಅಷ್ಟೇ ಅನುಕೂಲ. ನಾಳೆ ಏನೇನು ನಡೆಯುತ್ತದೆ ಎಂದು ಬೋರ್ಡಿನ ಮೂಲೆಯಲ್ಲಿ ಬರೆಯುವುದು, ಸೂಚನೆಗಳನ್ನು ಒಂದೊಂದಾಗಿ ಕೊಡುವುದು, ಎಲ್ಲರೆದುರು ಉತ್ತರಿಸಲಾರದವರು ಬರೆದು ತೋರಿಸಬಹುದು ಎನ್ನುವುದು, ಯಾವುದಕ್ಕೂ ಹಣ ಬೇಕಿಲ್ಲ.

ದೊಡ್ಡವರಾದ ಮೇಲೂ ಈ ಕಥೆ ಮುಗಿಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಉದ್ಯೋಗಗಳಲ್ಲಿ ಶೇ 4 ಮೀಸಲು ಇಟ್ಟಿದೆ, ಅದರಲ್ಲಿ ಶೇ 1 ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹು ಅಂಗವೈಕಲ್ಯ ಇರುವವರೆಲ್ಲರಿಗೂ ಸೇರಿ. ಖಾಸಗಿ ಕಂಪನಿಗಳ ಸಂದರ್ಶನದಲ್ಲಿ ನಿಮ್ಮ ಬಗ್ಗೆ ಹೇಳಿ ಎಂಬ ಅಂಕೆಯಿಲ್ಲದ ಪ್ರಶ್ನೆಯ ಎದುರು ತಡಬಡಿಸಿದವರು ಮನೆಗೆ ಮರಳುತ್ತಾರೆ, ಕೋಡ್ ಬರೆಯುವುದರಲ್ಲಿ ಅವರು ಎಷ್ಟೇ ಗಟ್ಟಿಗರಾಗಿರಲಿ. ಪ್ರಶ್ನೆಗಳನ್ನು ಹಿಂದಿನ ದಿನ ಕಳಿಸುವುದು, ಕೆಲಸ ಮಾಡಿ ತೋರಿಸಲು ಹೇಳುವುದು ಕಂಪನಿಗೆ ಕಷ್ಟವೇನಲ್ಲ. ಕಲಿಯಬೇಕಾದವರು ಇಲ್ಲಿಯೂ ಮೇಜಿನ ಎರಡೂ ಬದಿಯಲ್ಲಿದ್ದಾರೆ.

ಈ ಎಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಒಂದಿದೆ. ಹೇಳಿದ್ದನ್ನು ತಕ್ಷಣ ಮಾಡುವ, ಮುಟ್ಟಿದರೆ ಸುಮ್ಮನಿರುವ, ಅಜ್ಜಿಗೆ ಮುತ್ತು ಕೊಡು ಎಂದರೆ ಮನಸ್ಸಿಲ್ಲದಿದ್ದರೂ ಕೊಡುವ ಮಗುವನ್ನು ನಾವು ಚೆನ್ನಾಗಿ ಕಲಿತ ಮಗು ಎನ್ನುತ್ತೇವೆ. ದುರುದ್ದೇಶದವನಿಗೆ ಬೇಕಾದ ಮಗುವೂ ಅದೇ. ಬೇಡ ಎನ್ನಲು ಕಲಿಸದೆ, ಬೇಡ ಎಂದಾಗ ಗೌರವಿಸದೆ, ಬರೀ ವಿಧೇಯತೆಯನ್ನು ಸಾಮಾಜಿಕ ಕೌಶಲವೆಂದು ರೂಢಿಸಿದರೆ ಅದು ಮಗುವಿನ ರಕ್ಷಣೆಯನ್ನೇ ಕಿತ್ತುಕೊಂಡ ಹಾಗೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರ ಪೋಕ್ಸೊ ಕಾಯ್ದೆ ಇದೆ, ಶಾಲೆಗಳಲ್ಲಿ ಗುಡ್ ಟಚ್ ಬ್ಯಾಡ್ ಟಚ್ ಪಾಠ ಇದೆ. ಆದರೆ ನಡೆದದ್ದನ್ನು ಹೇಳಲು ಕಾರ್ಡೂ ಇಲ್ಲದ, ಶಬ್ದವೂ ಇಲ್ಲದ, ದೇಹದ ಭಾಗಗಳ ಹೆಸರನ್ನು ಮನೆಮಾತಿನಲ್ಲಿ ಯಾರೂ ಕಲಿಸದ ಮಗು ಯಾವ ಪೊಲೀಸರ ಮುಂದೆ ಏನು ಹೇಳೀತು?

ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್, ಮಾತಿನ ತೊಂದರೆ ಇರುವವರ ದಿನನಿತ್ಯದ ಸಂವಹನಕ್ಕೆ ಸ್ವಂತ ಮಾತಿನ ಜೊತೆಗೆ ಪೂರಕವಾದ, ಪರ್ಯಾಯವಾದ ವಿಧಾನಗಳನ್ನು ಉತ್ತೇಜಿಸಬೇಕು ಎಂದು ಸರ್ಕಾರಕ್ಕೂ ಸ್ಥಳೀಯ ಆಡಳಿತಕ್ಕೂ ಸ್ಪಷ್ಟವಾಗಿ ಹೇಳಿದೆ. ಪ್ರತಿ ಅಂಗನವಾಡಿಯ ಗೋಡೆಯಲ್ಲಿ ನೀರು, ಊಟ, ಶೌಚ, ನೋವು, ಸಾಕು, ಬೇಡ, ಅಮ್ಮ ಎಂಬ ಚಿತ್ರಗಳ ಒಂದು ಹಲಗೆ ಇರಲಿ ಎಂದು ಕೇಳುವುದಕ್ಕೆ ಇಷ್ಟು ಆಧಾರ ಸಾಕು. ಮಕ್ಕಳನ್ನು ಥೆರಪಿಗೆ ಸೇರಿಸುವ ಹೆತ್ತವರು ಹಣ ಕಟ್ಟುವ ಮೊದಲು ಕೇಂದ್ರದವರನ್ನು ಮೂರು ಮಾತು ಕೇಳಲಿ. ಪಾಠ ನಡೆಯುವಾಗ ನಾವು ಒಳಗೆ ಕೂರಬಹುದೇ? ನಮ್ಮ ಮನೆಮಾತಿನಲ್ಲಿ ನಡೆಸುತ್ತೀರಾ? ನಮ್ಮ ಮಗು ಬೇಡ ಎಂದಾಗ ಏನು ಮಾಡುತ್ತೀರಿ? ಬೇಡ ಎನ್ನುವ ಅಭ್ಯಾಸವನ್ನೇ ಬಿಡಿಸುತ್ತೇವೆ ಎಂಬ ಉತ್ತರ ಬಂದರೆ, ಬೇರೆ ಕೇಂದ್ರ ಹುಡುಕಿ.